ಭಾರದ ವಾದ್ಯ, ಬಾನಿನ ಪಯಣ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾದ್ಯಗಳನ್ನು ವಿಮಾನದಲ್ಲಿ ಸಾಗಿಸುವ ಬಗ್ಗೆ ಕೊಡಗಿನ ಓದುಗರಿಂದ ಬಂದ ಐದು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರದ ವಾದ್ಯ ಎಲ್ಲಕ್ಕಿಂತ ಭಾರವಾದದ್ದು. ಅದಕ್ಕೆ ಹೇಳಿದ ಮಾತು ಉಳಿದವುಗಳಿಗೂ ಬಹುಮಟ್ಟಿಗೆ ಅನ್ವಯಿಸುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಂತಿದ್ದೇನೆ.

ಪ್ರಶ್ನೆ: ಸೈನ್ಯದಿಂದ ನಿವೃತ್ತನಾಗಿ ಕಾಫಿ ತೋಟ ನೋಡಿಕೊಂಡಿದ್ದೇನೆ. ಸೇವೆಯಲ್ಲಿದ್ದಾಗ ಹವಾಯಿಯನ್ ಗಿಟಾರ್ ಕಲಿತಿದ್ದೆ. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಹಳೆಯ ಡಬಲ್ ನೆಕ್ ಪೆಡಲ್ ಸ್ಟೀಲ್ ಗಿಟಾರ್ ಒಂದನ್ನು ಕೊಂಡು, ತರುವ ಧೈರ್ಯವಾಗದೆ ಅಲ್ಲೇ ಬಿಟ್ಟು ಬಂದೆ. ಪೆಟ್ಟಿಗೆ ಸಮೇತ 33 ಕೆ.ಜಿ. ಇದೆ. ಮೇ ತಿಂಗಳಲ್ಲಿ ಮತ್ತೆ ಹೋಗುತ್ತೇನೆ. ಅದನ್ನು ವಿಮಾನದಲ್ಲಿ ಮನೆಗೆ ತರಬಹುದೇ? ಹೇಗೆ ಕಟ್ಟಬೇಕು?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಖಂಡಿತ ತರಬಹುದು. ಆದರೆ ಟಿಕೆಟ್ ಕೊಳ್ಳುವುದಕ್ಕೆ ಮುಂಚೆಯೇ ತಕ್ಕಡಿಯ ಮುಂದೆ ಕುಳಿತು ಲೆಕ್ಕ ಹಾಕಬೇಕು. ಈ ವಾದ್ಯದ ವಿಷಯದಲ್ಲಿ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕಾದದ್ದು.

ಈ ವಾದ್ಯವನ್ನು ಕಾಣದ ಓದುಗರಿಗಾಗಿ ಎರಡು ಮಾತು. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಕೋಲು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿನ ವಂಶದ ಕುಡಿಯೇ ಪೆಡಲ್ ಸ್ಟೀಲ್. ನಾಲ್ಕು ಕಾಲುಗಳ ಮೇಲೆ ಮೇಜಿನಂತೆ ನಿಲ್ಲುತ್ತದೆ. ಕೆಳಗೆ ಪಾದದಿಂದ ಒತ್ತುವ ಪೆಡಲ್‌ಗಳೂ ಮೊಣಕಾಲಿನಿಂದ ತಳ್ಳುವ ಸನ್ನೆಗಳೂ ಇರುತ್ತವೆ. ಪೆಡಲ್ ಒತ್ತಿದಾಗ ಸರಳುಗಳ ಮೂಲಕ ಆಯ್ದ ತಂತಿಗಳು ಬಿಗಿಯಾಗಿಯೋ ಸಡಿಲವಾಗಿಯೋ ಶ್ರುತಿ ಬದಲಿಸುತ್ತವೆ. ಡಬಲ್ ನೆಕ್ ಎಂದರೆ ಹತ್ತು ಹತ್ತು ತಂತಿಗಳ ಎರಡು ಸಾಲು. ಸಾಮಾನ್ಯವಾಗಿ ಒಂದನ್ನು ಇ-9, ಇನ್ನೊಂದನ್ನು ಸಿ-6 ಶ್ರುತಿಗೆ ಕೂಡಿಸಿರುತ್ತಾರೆ. ಮೇಲಿನಿಂದ ನೋಡಿದರೆ ಹೊಳೆಯುವ ಮೇಪಲ್ ಮರದ ಹಲಗೆ. ತಿರುಗಿಸಿ ಹೊಟ್ಟೆಯ ಭಾಗ ನೋಡಿದರೆ ಹೊಲಿಗೆ ಯಂತ್ರದ ಒಳಗನ್ನು ಹತ್ತರಷ್ಟು ಮಾಡಿಟ್ಟ ಹಾಗೆ ಅಡ್ಡದಂಡ, ಎಳೆಸರಳು, ಸಣ್ಣ ನೈಲಾನ್ ತಿರುಪುಗಳ ಸಾಲು. ಭಾರ ಇರುವುದೂ ಅಪಾಯ ಇರುವುದೂ ಈ ಹೊಟ್ಟೆಯಲ್ಲಿ.

ತೂಕದಿಂದ ಆರಂಭಿಸೋಣ. ಸಾಮಾನು ಎತ್ತುವ ಕೆಲಸಗಾರರ ಬೆನ್ನಿನ ಹಿತಕ್ಕಾಗಿ ಬಹುತೇಕ ವಿಮಾನ ಕಂಪನಿಗಳು ಒಂದು ನಗಕ್ಕೆ, ಅಂದರೆ ಒಂದು ಪೆಟ್ಟಿಗೆ ಅಥವಾ ಚೀಲಕ್ಕೆ, 32 ಕೆ.ಜಿ. ಎಂಬ ಗಡಿ ಹಾಕಿಕೊಂಡಿವೆ; ಹೆಚ್ಚುವರಿ ಹಣ ಕೊಡುತ್ತೇನೆಂದರೂ ಅದನ್ನು ಮೀರಿದ ನಗವನ್ನು ಲಗೇಜಾಗಿ ತೆಗೆದುಕೊಳ್ಳದೆ ಸರಕು ವಿಭಾಗಕ್ಕೆ ಕಳಿಸುತ್ತಾರೆ. ಅಮೆರಿಕದಿಂದ ಭಾರತಕ್ಕೆ ಸಾಧಾರಣ ದರ್ಜೆಯಲ್ಲಿ ಸಾಮಾನ್ಯವಾಗಿ 23 ಕೆ.ಜಿ.ಯ ನಗಗಳ ಲೆಕ್ಕ; 23ರಿಂದ 32ರ ನಡುವಿನದಕ್ಕೆ ಭಾರದ ಶುಲ್ಕ ಬೀಳುತ್ತದೆ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂ.ಮೀ. ಮೀರಬಾರದೆಂಬ ಅಳತೆಯೂ ಇದೆ. ಡಬಲ್ ನೆಕ್ ಪೆಟ್ಟಿಗೆ ಈ ಗಡಿಯನ್ನು ಮುಟ್ಟುವುದು ಅಥವಾ ದಾಟುವುದು ಸಾಮಾನ್ಯ, ಆದ್ದರಿಂದ ಟೇಪು ಹಿಡಿದು ಅಳೆದೇ ಕಂಪನಿಗೆ ಫೋನ್ ಮಾಡಿ. ಅಮೆರಿಕದ ಕಂಪನಿಗಳಿಗೆ ಮಾತ್ರ ಅಲ್ಲಿನ ಸರ್ಕಾರದ ಪ್ರತ್ಯೇಕ ನಿಯಮವಿದೆ. 2015ರ ಮಾರ್ಚ್‌ನಿಂದ ಜಾರಿಯಲ್ಲಿರುವ ಆ ನಿಯಮದಂತೆ, ಪೆಟ್ಟಿಗೆ ಸೇರಿ 165 ಪೌಂಡ್ ಅಂದರೆ ಸುಮಾರು 75 ಕೆ.ಜಿ. ಒಳಗೆ, ಮೂರೂ ಅಳತೆ ಸೇರಿ 150 ಅಂಗುಲದ ಒಳಗೆ ಇರುವ ವಾದ್ಯವನ್ನು, ವಿಮಾನದಲ್ಲಿ ಸುರಕ್ಷಿತವಾಗಿ ಇಡಲು ಸಾಧ್ಯವಿರುವವರೆಗೆ, ಲಗೇಜಾಗಿ ಸ್ವೀಕರಿಸಬೇಕು. ಶುಲ್ಕ ಕೇಳುವ ಹಕ್ಕು ಅವರಿಗಿದೆ. ಮಾರ್ಗಮಧ್ಯದಲ್ಲಿ ಬೇರೆ ದೇಶದ ಕಂಪನಿಯ ವಿಮಾನ ಹತ್ತುವುದಿದ್ದರೆ ಈ ರಕ್ಷಣೆಯನ್ನು ನೆಚ್ಚಬೇಡಿ. ಅಲ್ಲಿ ಮತ್ತೆ 32ರ ಗಡಿಯೇ ಎದುರಾಗುತ್ತದೆ.

ನಿಮ್ಮ 33 ಕೆ.ಜಿ.ಯನ್ನು ಎರಡಾಗಿ ಒಡೆಯುವುದೇ ಸರಿಯಾದ ದಾರಿ. ನಾಲ್ಕು ಕಾಲು, ಪೆಡಲ್‌ಗಳು ಕೂತಿರುವ ಅಡ್ಡಪಟ್ಟಿ, ಪೆಡಲ್ ಸರಳುಗಳು, ವಾಲ್ಯೂಮ್ ಪೆಡಲ್, ಕೇಬಲ್ ಇವೆಲ್ಲ ಬಿಚ್ಚಿಕೊಳ್ಳುವ ಭಾಗಗಳು. ಇವನ್ನು ಬಟ್ಟೆಗಳ ನಡುವೆ ಸುತ್ತಿ ಎರಡನೆಯ ಸೂಟ್‌ಕೇಸಿನಲ್ಲಿ ಇಟ್ಟರೆ ಮುಖ್ಯ ಪೆಟ್ಟಿಗೆಯ ತೂಕ ಗಣನೀಯವಾಗಿ ಇಳಿಯುತ್ತದೆ. ಕಾಲುಗಳಾಗಲಿ, ನುಡಿಸುವ ಉಕ್ಕಿನ ಕೋಲಾಗಲಿ ಕೈಚೀಲಕ್ಕೆ ಬೇಡ. ಭದ್ರತಾ ತಪಾಸಣೆಯವರ ಕಣ್ಣಿಗೆ ಅವು ದೊಣ್ಣೆಗಳೇ, ಮತ್ತು ಹಾಗೆ ನೋಡುವುದು ಅವರ ಕರ್ತವ್ಯ. ಪೆಡಲ್ ಸರಳುಗಳ ಉದ್ದದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ ಬಿಚ್ಚುವಾಗಲೇ ಪ್ರತಿಯೊಂದಕ್ಕೂ ಪಟ್ಟಿ ಅಂಟಿಸಿ ಸಂಖ್ಯೆ ಬರೆಯಿರಿ, ಹೊಟ್ಟೆಯ ಭಾಗವನ್ನು ಎಡ, ಬಲ, ನಡು ಎಂದು ಹತ್ತಿರದಿಂದ ಫೋಟೋ ತೆಗೆದುಕೊಳ್ಳಿ. ಸರಳು ಜಾರಿದ್ದರೆ ಯಾವುದು ಯಾವ ರಂಧ್ರದಲ್ಲಿತ್ತು ಎಂದು ತಿಳಿಸಲು ವಿರಾಜಪೇಟೆಯಲ್ಲಿ ನಿಮಗೆ ಆ ಫೋಟೋ ಬಿಟ್ಟರೆ ಬೇರೆ ಗುರುವಿಲ್ಲ.

ಇನ್ನು ಕಟ್ಟುವ ಕ್ರಮ. ಹೊರಗಿನ ಪೆಟ್ಟಿಗೆ ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ಎಷ್ಟು ಖಾಲಿ ಜಾಗ ಇದೆ ಎಂದು ಕೇಳುವವರು ಕಡಿಮೆ. ನನಗೆ ಈ ಪಾಠ ದುಬಾರಿಯಾಗಿ ಸಿಕ್ಕಿತು. ಹಲವು ವರ್ಷಗಳ ಹಿಂದೆ ನನ್ನ ಒಂಟಿ ನೆಕ್ಕಿನ ಸ್ಟೀಲನ್ನು ಒಳ್ಳೆಯ ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟು, ಮೇಲೆ ಎರಡು ಉಣ್ಣೆಯ ಸ್ವೆಟರ್ ಹೊದಿಸಿ ಲಗೇಜಿಗೆ ಹಾಕಿದೆ. ಪೆಟ್ಟಿಗೆಯ ಎಡತುದಿಯಲ್ಲಿ, ಶ್ರುತಿಕೀಲಿಗಳಿರುವ ಕಡೆ, ಒಂದು ಮುಷ್ಟಿಯಷ್ಟು ಜಾಗ ಖಾಲಿ ಉಳಿದಿತ್ತು. ಮನೆಗೆ ಬಂದು ತೆಗೆದಾಗ ಪೆಟ್ಟಿಗೆಯ ಮೇಲ್ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ಮೂರನೆಯ ಕೀಲಿಯ ದಂಡ ಬಾಗಿ, ಅದರ ಗುಂಡಿ ಪಕ್ಕದ ಗುಂಡಿಗೆ ತಾಗಿ ಕುಳಿತಿತ್ತು. ಎಲ್ಲೋ ಪೆಟ್ಟಿಗೆಯನ್ನು ತುದಿಯ ಮೇಲೆ ನಿಲ್ಲಿಸುವಾಗ ವಾದ್ಯ ಆ ಒಂದು ಮುಷ್ಟಿ ದೂರ ಜಾರಿ, ತನ್ನ ಭಾರವನ್ನೆಲ್ಲ ಕೀಲಿಗಳ ಮೇಲೆ ಹಾಕಿತ್ತು. ವಾದ್ಯ ಭಾರವಾದಷ್ಟೂ ಖಾಲಿ ಜಾಗ ಹೆಚ್ಚು ಅಪಾಯಕಾರಿ.

ಆದ್ದರಿಂದ ಎಡತುದಿ, ಬಲತುದಿ, ಹೊಟ್ಟೆಯ ಕೆಳಗೆ ಹೀಗೆ ಎಲ್ಲೆಲ್ಲಿ ಬೆರಳು ತೂರುತ್ತದೋ ಅಲ್ಲೆಲ್ಲ ಗಟ್ಟಿ ಫೋಮ್ ತುಂಡುಗಳನ್ನು ಕತ್ತರಿಸಿ ಬಿಗಿಯಾಗಿ ಕೂರಿಸಿ. ಮೆತ್ತನೆಯ ಹಾಸಿಗೆಯ ಸ್ಪಂಜು ಇಷ್ಟು ಭಾರಕ್ಕೆ ಚಪ್ಪಟೆಯಾಗಿಬಿಡುತ್ತದೆ. ಫೋಮ್ ಒತ್ತಬೇಕಾದದ್ದು ಮರದ ಅಥವಾ ಲೋಹದ ಚೌಕಟ್ಟಿನ ಮೇಲೆ, ಸರಳುಗಳ ಮೇಲಾಗಲಿ ಕೀಲಿಗಳ ಮೇಲಾಗಲಿ ಅಲ್ಲ. ಮೊಣಕಾಲಿನ ಸನ್ನೆಗಳನ್ನು ಮಡಚಿ ಬಟ್ಟೆಯ ಪಟ್ಟಿಯಿಂದ ಕಟ್ಟಿ. ಮುಚ್ಚಳ ಹಾಕಿದ ಮೇಲೆ ಪೆಟ್ಟಿಗೆಯನ್ನು ನಾಲ್ಕೂ ಬದಿಗೆ ಎತ್ತಿ ನಿಲ್ಲಿಸಿ ಕಿವಿಗೊಟ್ಟು ಕೇಳಿ: ಒಳಗೆ 'ಟಕ್' ಎಂದರೆ ಮತ್ತೆ ಬಿಚ್ಚಿ ಕಟ್ಟಿರಿ. ತಂತಿಗಳನ್ನು ಪೂರ್ತಿ ಸಡಿಲಿಸಬೇಡಿ. ಸಾದಾ ಗಿಟಾರಿಗೆ ಅದು ಹೊಂದಬಹುದು. ಪೆಡಲ್ ಸ್ಟೀಲಿನಲ್ಲಿ ತಂತಿಯ ಬಿಗಿತವೇ ಬಲತುದಿಯ ಯಂತ್ರಭಾಗವನ್ನು ಅದರದರ ಜಾಗದಲ್ಲಿ ಹಿಡಿದಿರುತ್ತದೆ, ಪೂರ್ತಿ ಬಿಟ್ಟರೆ ತಂತಿಯ ತುದಿಯ ಗುಂಡು ಕಳಚಿಕೊಳ್ಳುತ್ತದೆ. ಒಂದು ಸ್ವರದಷ್ಟು ಇಳಿಸಿದರೆ ಸಾಕು.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಲಗೇಜನ್ನು ನಿಮ್ಮ ಅನುಪಸ್ಥಿತಿಯಲ್ಲಿ ತೆರೆದು ನೋಡುವ ಅಧಿಕಾರ ಅಲ್ಲಿನ ಭದ್ರತಾ ಸಂಸ್ಥೆ ಟಿಎಸ್‌ಎಗೆ ಇದೆ, ಮತ್ತು ಎಕ್ಸ್-ರೇಯಲ್ಲಿ ಇಷ್ಟೊಂದು ಸರಳುಗಳನ್ನು ಕಂಡರೆ ತೆರೆಯದೆ ಇರಲಾರರು. ಅವರ ಕೀಲಿಗೆ ಒಗ್ಗುವ ಬೀಗವನ್ನೇ ಹಾಕಿ. ಮುಚ್ಚಳದ ಒಳಗೆ, ಕಣ್ಣಿಗೆ ಬೀಳುವಂತೆ, ಇದು ಸಂಗೀತ ವಾದ್ಯವೆಂದೂ ಯಾವ ಫೋಮ್ ಎಲ್ಲಿ ಕೂರಬೇಕೆಂದೂ ತಿಳಿಸುವ ದೊಡ್ಡ ಅಕ್ಷರದ ಇಂಗ್ಲಿಷ್ ಚೀಟಿ ಮತ್ತು ಒಂದು ಫೋಟೋ ಅಂಟಿಸಿ. ತೆರೆದವರಿಗೆ ಮತ್ತೆ ಸರಿಯಾಗಿ ಮುಚ್ಚುವ ಇಚ್ಛೆ ಇರುತ್ತದೆ, ಕ್ರಮ ಮಾತ್ರ ತಿಳಿದಿರುವುದಿಲ್ಲ.

ಅಲ್ಲಿನ ಆಂಪ್ಲಿಫೈಯರನ್ನು ತರುವ ಆಸೆ ಬಿಡಿ. ಅದು ಅಲ್ಲಿನ 120 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್‌ಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇರೆ ಬೇಕಾಗುತ್ತದೆ. ವಾದ್ಯಕ್ಕೆ ತನ್ನದೇ ವಿದ್ಯುತ್ ಬೇಕಿಲ್ಲ, ಇಲ್ಲಿನ ಯಾವುದೇ ಒಳ್ಳೆಯ ಆಂಪ್ಲಿಫೈಯರಿಗೆ ಹೊಂದಿಕೊಳ್ಳುತ್ತದೆ. ಕೊಂಡ ರಸೀದಿಯನ್ನು ಮಾತ್ರ ಕೈಚೀಲದಲ್ಲಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇಳಿದಾಗ ವಾದ್ಯದ ಮೌಲ್ಯ ಸುಂಕಮುಕ್ತ ಮಿತಿಯನ್ನು ಮೀರುವುದಾದರೆ ಕಸ್ಟಮ್ಸ್‌ನ ಕೆಂಪು ಚಾನೆಲ್‌ಗೆ (ಸುಂಕ ಬೀಳುವ ಸಾಮಾನು ತಂದವರ ದಾರಿ) ಹೋಗಿ ನೀವಾಗಿಯೇ ಘೋಷಿಸಿ. ಮಿತಿ ಮೀರಿದ ಭಾಗಕ್ಕಷ್ಟೇ ಸುಂಕ.

ಬೆಂಗಳೂರಿನಿಂದ ಮುಂದೆ ಕಣ್ಣೂರಿಗೋ ಮಂಗಳೂರಿಗೋ ಇನ್ನೊಂದು ವಿಮಾನ ಹಿಡಿಯುವ ಯೋಚನೆ ಇದ್ದರೆ ನನ್ನ ಸಲಹೆ ಬೇಡ ಎಂದೇ. ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ವಿರಾಜಪೇಟೆಗೆ ಸುಮಾರು 60 ಕಿ.ಮೀ., ಅಷ್ಟು ಹತ್ತಿರದ ನಿಲ್ದಾಣ ನಮಗೆ ಬೇರೆ ಇಲ್ಲ ನಿಜ. ಆದರೆ ಪ್ರತ್ಯೇಕ ಟಿಕೆಟ್ ಕೊಂಡರೆ ದೇಶದೊಳಗಿನ 15 ಕೆ.ಜಿ.ಯ ಲೆಕ್ಕ ಬೀಳುತ್ತದೆ, ಪೆಟ್ಟಿಗೆ ಮತ್ತೊಮ್ಮೆ ಹತ್ತು ಕೈ ದಾಟುತ್ತದೆ, ಕೊನೆಗೆ ಮಾಕುಟ್ಟ ಘಾಟಿಯ ತಿರುವುಗಳೂ ತಪ್ಪುವುದಿಲ್ಲ. ಬೆಂಗಳೂರಿನಿಂದ ಕಾರಿನಲ್ಲೇ ಬನ್ನಿ. ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಹಾಕದೆ ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಮಲಗಿಸಿ ಬೆಲ್ಟ್ ಬಿಗಿಯಿರಿ. ಹುಣಸೂರು ದಾಟಿ ತಿತಿಮತಿ ಕಾಡಿನ ದಾರಿಯ ಉಬ್ಬುಗಳು ಹಿಂಚಕ್ರದ ಮೇಲೆ ಕೂತ ಡಿಕ್ಕಿಗೆ ಕೊಡುವ ಹೊಡೆತ, ವಿಮಾನ ನೆಲ ಮುಟ್ಟುವಾಗಿನ ಅಲುಗಾಟಕ್ಕಿಂತ ಹೆಚ್ಚಿನದು.

ನೀವು ಮೇ ತಿಂಗಳಲ್ಲಿ ಹೋಗುವವರು, ಮರಳುವಾಗ ಮಳೆಗಾಲ ಹಿಡಿದಿರಬಹುದು. ಹಾನಿಯಾಗಿದೆಯೇ ಎಂದು ನಿಲ್ದಾಣದಲ್ಲೇ ಒಮ್ಮೆ ನೋಡಿ ಮುಚ್ಚಿದ ಮೇಲೆ, ಮನೆಗೆ ಬಂದ ಕೂಡಲೇ ಮತ್ತೆ ಪೆಟ್ಟಿಗೆ ತೆರೆಯುವ ಆತುರ ಬೇಡ. ತಣ್ಣಗಾದ ಲೋಹಕ್ಕೆ ನಮ್ಮ ಜೂನ್ ತಿಂಗಳ ತೇವದ ಗಾಳಿ ತಾಗಿದರೆ ಹನಿ ಕಟ್ಟುತ್ತದೆ, ಆ ಹನಿಯೇ ತುಕ್ಕಿನ ಮೊದಲ ದಿನ. ಒಂದು ರಾತ್ರಿ ಹಾಗೆಯೇ ಬಿಟ್ಟು ಮರುದಿನ ತೆರೆಯಿರಿ. ಮುಂದೆ, ಬಟ್ಟೆಗೆ ಬೂಷ್ಟು ಹಿಡಿಯದಂತೆ ಕಪಾಟಿನೊಳಗೆ ಬಲ್ಬ್ ಉರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆಯಲ್ಲ, ವಾದ್ಯವನ್ನು ಅಂಥ ಒಣ ಕೋಣೆಯಲ್ಲೇ ಇಡಿ. ಕಾಫಿ ಮೂಟೆಗಳ ಗೋದಾಮಿನ ಹತ್ತಿರ ಬೇಡ.

ಪ್ರಶ್ನೆ: ಸಾದಾ ಗಿಟಾರನ್ನು ವಿಮಾನದೊಳಗೆ ಜೊತೆಯಲ್ಲೇ ಒಯ್ಯಬಹುದೇ? ಮೈಸೂರಿನಿಂದ ಹೈದರಾಬಾದಿಗೆ ಹೋಗಬೇಕಿದೆ.
– ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ., 55-35-25 ಸೆಂ.ಮೀ. ಅಳತೆಯ ಮಿತಿ. ಗಿಟಾರ್ ತೂಕದಲ್ಲಿ ಪಾಸಾಗಿ ಉದ್ದದಲ್ಲಿ ಸೋಲುತ್ತದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಹಾರುವ ಎಟಿಆರ್ ಮಾದರಿಯ ಸಣ್ಣ ವಿಮಾನಗಳ ತಲೆಮೇಲಿನ ಗೂಡುಗಳು ಕಿರಿದಾದವು. ಅಲ್ಲಿ ಗಿಟಾರಿಗೆ ಜಾಗ ಸಿಗುತ್ತದೆಂದು ನಂಬಿ ಬಟ್ಟೆಯ ಚೀಲದಲ್ಲಿ ಹೊರಡಬೇಡಿ. ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ತಲೆಭಾಗದ ಹಿಂದೆ ಮತ್ತು ಕತ್ತಿನ ಕೆಳಗೆ ಆಧಾರ ಕೊಟ್ಟು, ತಂತಿಗಳನ್ನು ಸ್ವಲ್ಪ ಇಳಿಸಿ ಲಗೇಜಿಗೆ ಹಾಕಿ. ವಾದ್ಯ ಬಹಳ ಬೆಲೆಯದಾಗಿದ್ದರೆ ಅದಕ್ಕೊಂದು ಸೀಟು ಕೊಳ್ಳುವ ಅವಕಾಶವನ್ನು ಕೆಲವು ಕಂಪನಿಗಳು ಕೊಡುತ್ತವೆ. ಅದನ್ನು ಫೋನಿನಲ್ಲಿ ಮುಂಚಿತವಾಗಿ ಮಾತನಾಡಿ ಕಾಯ್ದಿರಿಸಬೇಕು, ಬಾಗಿಲ ಬಳಿ ಕೇಳಿದರೆ ಆಗುವುದಿಲ್ಲ.

ಪ್ರಶ್ನೆ: ಮಗಳು ಮದುವೆಯಾಗಿ ಕೆನಡಾಕ್ಕೆ ಹೋಗುತ್ತಿದ್ದಾಳೆ. ಅಜ್ಜಿಯ ಕಾಲದ ಸರಸ್ವತಿ ವೀಣೆಯನ್ನು ಕೊಂಡೊಯ್ಯಬೇಕೆಂಬ ಆಸೆ. ಏನೇನು ಎಚ್ಚರ ಬೇಕು?
– ಗೃಹಿಣಿ, ಕುಶಾಲನಗರ

ಉತ್ತರ: ವೀಣೆಗೆ ಭಾರಕ್ಕಿಂತ ಶಾಖದ ಭಯ ಹೆಚ್ಚು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಲಗೇಜು ವಿಮಾನಕ್ಕೆ ಏರುವ ಮುನ್ನ ಬಿಸಿಲಿನ ಕಾಂಕ್ರೀಟಿನ ಮೇಲೆ ಟ್ರಾಲಿಯಲ್ಲಿ ನಿಂತಿರುವ ಹೊತ್ತಿನಲ್ಲಿ ಆ ಮೇಣ ಮೆತ್ತಗಾಗುತ್ತದೆ. ತಂತಿಗಳು ಬಿಗಿಯಾಗಿದ್ದು ಮೇಲಿನಿಂದ ಏನಾದರೂ ಒತ್ತಿದರೆ ಒಂದೆರಡು ಮೆಟ್ಟಿಲು ಓರೆಯಾಗಿ, ಕೆನಡಾದಲ್ಲಿ ಮೇಳ ಕಟ್ಟುವವರನ್ನು, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸುವವರನ್ನು, ಹುಡುಕಬೇಕಾಗುತ್ತದೆ. ಆದ್ದರಿಂದ ತಂತಿಗಳನ್ನು ಚೆನ್ನಾಗಿ ಇಳಿಸಿ, ಮೆಟ್ಟಿಲುಗಳಿಗೆ ಏನೂ ತಾಗದಂತೆ ಪೆಟ್ಟಿಗೆಯ ಮುಚ್ಚಳದಲ್ಲಿ ಅಂತರ ಬಿಡಿಸಿ, ಸಾಧ್ಯವಾದರೆ ರಾತ್ರಿಯ ವಿಮಾನ ಆರಿಸಿ. ಕತ್ತಿನ ಕಡೆ ಕೆಳಗಿರುವ ಬುರುಡೆಯನ್ನು ಬಿಚ್ಚಿ ಪ್ರತ್ಯೇಕವಾಗಿ, ಒಳಗೆ ಬಟ್ಟೆ ತುಂಬಿ, ಕೈಚೀಲದ ಜೊತೆ ಒಯ್ಯಲಿ. ತಂತಿಗಳನ್ನು ಹೊರುವ ಕುದುರೆಯನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಒಂದೇ ಮರದಲ್ಲಿ ಕೆತ್ತಿದ ಏಕಾಂಡ ವೀಣೆಯೇ, ಅಥವಾ ದಂಡಿಯನ್ನು (ಉದ್ದನೆಯ ಕತ್ತಿನ ಭಾಗ) ಜೋಡಿಸಿದ್ದೇ ಎಂದು ನೋಡಿಕೊಳ್ಳಿ. ಜೋಡಿಸಿದ್ದಾದರೆ ಕುಡಕ್ಕೂ (ಕೊಡದಂಥ ದೊಡ್ಡ ಭಾಗ) ದಂಡಿಗೂ ಸೇರುವ ಕಡೆ ಕೆಳಗಿನಿಂದ ಆಧಾರ ಇರಲೇಬೇಕು, ಪೆಟ್ಟು ಬಿದ್ದಾಗ ಮೊದಲು ಬಾಯಿ ಬಿಡುವುದು ಆ ಸಂದು.

ಅಜ್ಜಿಯ ಕಾಲದ್ದೆಂದು ಬರೆದಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ವೀಣೆಗಳ ಅಂಚಿನ ಬಿಳಿ ಅಲಂಕಾರ ಆನೆಯ ದಂತದ್ದೋ ಜಿಂಕೆ ಕೊಂಬಿನದ್ದೋ ಆಗಿರುವುದುಂಟು. ಅಂಥದ್ದನ್ನು ದೇಶದ ಹೊರಗೆ ಒಯ್ಯಲು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಇತರ ದೇಶಗಳೂ ಬಿಡುವುದಿಲ್ಲ. ವಾದ್ಯವನ್ನೇ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ. ತಿಳಿದ ವೀಣೆ ತಯಾರಕರಿಗೆ ತೋರಿಸಿ. ದಂತವೆಂದು ಖಚಿತವಾದರೆ ಅಜ್ಜಿಯ ವೀಣೆ ಕುಶಾಲನಗರದ ಮನೆಯಲ್ಲೇ ಇರಲಿ, ಮಗಳಿಗೆ ಹೊಸದೊಂದು ಕೊಡಿಸಿ. ಹಲಸಿನ ಮರದ ಬಗ್ಗೆ ಇಂಥ ತೊಡಕಿಲ್ಲ. ಬೀಟೆ ಮರದ ಭಾಗಗಳಿದ್ದರೆ 2017ರಿಂದ ಕೆಲಕಾಲ, ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪರವಾನಗಿಯ ಗೊಂದಲವಿತ್ತು. 2019ರ ನವೆಂಬರ್‌ನಿಂದ ಸಿದ್ಧಗೊಂಡ ವಾದ್ಯಗಳಿಗೆ ಆ ಒಪ್ಪಂದದಡಿ ವಿನಾಯಿತಿ ಸಿಕ್ಕಿದೆ. ಕೆನಡಾದ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ವಿಪರೀತ ಒಣಗಿರುತ್ತದೆ. ಕೊಡಗಿನ ತೇವ ಕುಡಿದು ಬೆಳೆದ ಮರ ಅಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ವಾದ್ಯವಿರುವ ಕೋಣೆಯಲ್ಲಿ ತೇವ ಕೊಡುವ ಯಂತ್ರ ಮೊದಲ ಚಳಿಗಾಲದಿಂದಲೇ ಇರಲಿ.

ಪ್ರಶ್ನೆ: ನಮ್ಮ ತಂಡ ಆಸ್ಟ್ರೇಲಿಯಾದಲ್ಲಿ ಕೊಡವ ನೃತ್ಯ ಪ್ರದರ್ಶನಕ್ಕೆ ಹೋಗುತ್ತಿದೆ. ದುಡಿ, ಕೊಂಬು, ಪೀಚೆಕತ್ತಿಗಳನ್ನು ಹೇಗೆ ಒಯ್ಯುವುದು?
– ತಂಡದ ಸಂಚಾಲಕರು, ಗೋಣಿಕೊಪ್ಪಲು

ಉತ್ತರ: ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಬೆನ್ನಿಗೆ ಸಿಕ್ಕಿಸುವ ಒಡಿಕತ್ತಿ ಎರಡೂ ಲಗೇಜಿನಲ್ಲೇ ಹೋಗಬೇಕು, ಒರೆಯಲ್ಲಿಟ್ಟು ಗಟ್ಟಿಯಾಗಿ ಸುತ್ತಿ. ಕುಪ್ಯ ಚೇಲೆ (ಕೊಡವ ಗಂಡಸರ ನಿಲುವಂಗಿ, ನಡುಪಟ್ಟಿ) ಉಟ್ಟು ಅದರ ಮೇಲೆ ಕತ್ತಿ ಸಿಕ್ಕಿಸಿಕೊಂಡು ನಿಲ್ದಾಣಕ್ಕೆ ಹೋಗುವ ಉತ್ಸಾಹ ಯುವಕರಲ್ಲಿ ಇದ್ದರೆ ಮುಂಚೆಯೇ ತಿಳಿಹೇಳಿ. ಕತ್ತಿಗಳ ಬಗ್ಗೆ ಅಲ್ಲಿಗೆ ತಲುಪಿದಾಗಲೂ ಘೋಷಿಸಿ. ಡಮರುವಿನಂಥ ದುಡಿಯ ವಿಷಯ ಇನ್ನೂ ಮುಖ್ಯ. ಆಸ್ಟ್ರೇಲಿಯಾ ತನ್ನ ಕೃಷಿ, ಪಶುಸಂಪತ್ತಿನ ರಕ್ಷಣೆಗಾಗಿ ಪ್ರಾಣಿಚರ್ಮ, ಮರ, ಒಣಹುಲ್ಲಿನ ವಸ್ತುಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತದೆ. ಚರ್ಮ ಹೊದಿಸಿದ ದುಡಿಯನ್ನು ಪ್ರಯಾಣಿಕರ ಕಾರ್ಡಿನಲ್ಲಿ ನಮೂದಿಸಿ. ನಮೂದಿಸಿದರೆ ಪರೀಕ್ಷಿಸಿ ನಿರ್ಧರಿಸುತ್ತಾರೆ, ಮುಚ್ಚಿಟ್ಟರೆ ದಂಡ. ಚರ್ಮದ ಮೇಲೆ ರೋಮ, ಮಣ್ಣು, ಹುಳದ ತೂತು ಇರದಂತೆ ಹೊರಡುವ ಮುನ್ನ ಚೊಕ್ಕ ಮಾಡಿ, ಪೆಟ್ಟಿಗೆಯಲ್ಲಿ ಭತ್ತದ ಹುಲ್ಲನ್ನು ಮಾತ್ರ ಖಂಡಿತ ತುಂಬಬೇಡಿ. ಒಣ ಗಾಳಿಯಲ್ಲಿ ಚರ್ಮ ತಾನೇ ಬಿಗಿಯುವುದರಿಂದ ಹುರಿಗಳನ್ನು ಸಡಿಲಿಸಿಟ್ಟಿರಿ. ಊದುವ ಕೊಂಬು ಭಾಗಗಳಾಗಿ ಬಿಚ್ಚುವಂಥದ್ದಾದರೆ ಬಿಚ್ಚಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ. ಬಾಯಿಯ ಅಗಲವಾದ ಅಂಚು ಬೇಗ ನಜ್ಜುಗುಜ್ಜಾಗುತ್ತದೆ. ಹೊರಡುವ ದಿನ ಇಲ್ಲಿನ ಕಸ್ಟಮ್ಸ್ ಕೌಂಟರಿನಲ್ಲಿ ಬೆಲೆಬಾಳುವ ವಾದ್ಯಗಳಿಗೂ ಬೆಳ್ಳಿಯ ಕತ್ತಿಗಳಿಗೂ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಮರಳಿ ತರುವಾಗ ಅವು ನಿಮ್ಮವೇ ಎಂದು ವಾದಿಸುವ ಪ್ರಸಂಗ ಬರುವುದಿಲ್ಲ.

ಪ್ರಶ್ನೆ: ವಿದೇಶದಿಂದ ಬರುವಾಗ ನನ್ನ ಕೀಬೋರ್ಡ್ ಒಡೆದಿತ್ತು. ಪರಿಹಾರ ಸಿಗುತ್ತದೆಯೇ?
– ಶಿಕ್ಷಕರು, ಸೋಮವಾರಪೇಟೆ

ಉತ್ತರ: ದಿನಗಳನ್ನು ಎಣಿಸಿ ನೋಡಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಂತೆ (ಭಾರತ 2009ರಲ್ಲಿ ಸೇರಿತು) ಲಗೇಜಿಗೆ ಆದ ಹಾನಿಯ ಬಗ್ಗೆ, ಅದು ಕೈಸೇರಿದ 7 ದಿನಗಳ ಒಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದದ್ದಕ್ಕೆ 21 ದಿನ. ಮೇಲೆ ಹೇಳಿದ ಬಾಗಿದ ಕೀಲಿಯ ವಿಷಯದಲ್ಲಿ ನಾನು ಎಡವಿದ್ದು ಇಲ್ಲಿಯೇ. ಹೊರಗೆ ಗೀರಿಲ್ಲವೆಂದು ನೆಮ್ಮದಿಯಿಂದ ಪೆಟ್ಟಿಗೆಯನ್ನು ಮೂಲೆಗಿಟ್ಟು, ಹತ್ತನೆಯ ದಿನ ತೆರೆದೆ. ಕಂಪನಿಯವರು ದೂರನ್ನು ವಿನಯದಿಂದಲೇ ತಿರಸ್ಕರಿಸಿದರು. ನಿಯಮ ಅವರ ಪರವಾಗಿತ್ತು. ವಾದ್ಯವನ್ನು ನಿಲ್ದಾಣದಲ್ಲೇ ತೆರೆದು ನೋಡಿ, ಹಾನಿ ಕಂಡರೆ ಹೊರಬರುವ ಮುನ್ನ ಕೌಂಟರಿನಲ್ಲಿ ಪಿಐಆರ್ ಎಂಬ, ಲಗೇಜಿನ ಹಾನಿ ದಾಖಲಿಸುವ ವರದಿ ಬರೆಸಿ, ಫೋಟೋ ತೆಗೆದು, ಲಗೇಜಿನ ಚೀಟಿಯನ್ನು ಜೋಪಾನ ಮಾಡಿ, ಮನೆಗೆ ಬಂದ ಮೇಲೆ ಇಮೇಲ್ ಮೂಲಕ ಇನ್ನೊಂದು ಲಿಖಿತ ದೂರನ್ನೂ ಕಳಿಸಿ.

ಪರಿಹಾರಕ್ಕೂ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ನಮ್ಮ ಹಣದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು. ವಾದ್ಯದ ಬೆಲೆ ಅದಕ್ಕಿಂತ ಹೆಚ್ಚಿದ್ದರೆ, ಲಗೇಜು ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯ ಘೋಷಿಸಿ ಕಂಪನಿ ಕೇಳಿದ ಶುಲ್ಕ ಕಟ್ಟುವ ಅವಕಾಶ ಒಪ್ಪಂದದಲ್ಲೇ ಇದೆ; ಪ್ರತ್ಯೇಕ ವಿಮೆಯೂ ಒಳ್ಳೆಯದು. ಸರಿಯಾಗಿ ಕಟ್ಟಿಲ್ಲದ ನಗಕ್ಕೆ, ಒಡೆದರೆ ಹೊಣೆಯಲ್ಲ ಎಂದು ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳುವುದುಂಟು. ಸಹಿ ಹಾಕುವ ಮುನ್ನ ಓದಿ. ನೀವು ಏಳು ದಿನದೊಳಗೆ ದೂರು ಕೊಟ್ಟಿದ್ದು ಕಂಪನಿ ಉತ್ತರಿಸದೆ ಇದ್ದರೆ, ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ನಿಮಗೆ ಅದು ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ವಿಮಾನ ಇಳಿದ ದಿನದಿಂದ ಎರಡು ವರ್ಷದ ಒಳಗೆ ಅದನ್ನು ಹೂಡಬೇಕು, ಪಿಐಆರ್ ಪ್ರತಿ ಮತ್ತು ಲಗೇಜಿನ ಚೀಟಿ ಜೊತೆಗಿರಲಿ.